ಅಜ್ಜಿಯ ಪಾಳಿ

ಚಪ್ಪಲಿ ಹೊರಗೇ ಬಿಡಿ. ಬಳೆ, ಉಂಗುರ, ಕೈಗಡಿಯಾರ ತೆಗೆದು, ಮೊಣಕೈವರೆಗೆ ಸೋಪು ಹಚ್ಚಿ, ಬೆರಳ ಸಂದುಗಳನ್ನೆಲ್ಲ ಉಜ್ಜಿ ತೊಳೆದು, ಒದ್ದೆ ಕೈಯನ್ನು ಎಲ್ಲೂ ತಾಗಿಸದೆ ಗಾಳಿಗೇ ಆರಬಿಟ್ಟು, ಒಗೆದು ಒಗೆದು ಬಣ್ಣ ಮಾಸಿದ ಹಸಿರು ಗೌನು ತೊಟ್ಟ ಮೇಲಷ್ಟೇ ಜಿಲ್ಲಾ ಆಸ್ಪತ್ರೆಯ ನವಜಾತ ಶಿಶು ಘಟಕದ ಬಾಗಿಲು ತೆರೆಯುವುದು. ಒಳಗೆ ಬೆಚ್ಚಗಿದೆ. ಸ್ಪಿರಿಟ್ಟಿನ ಘಾಟು, ಅದರಡಿಯಲ್ಲೆಲ್ಲೋ ಹಾಲಿನ ಹಸಿ ವಾಸನೆ. ವಾರ್ಮರ್‌ಗಳ ಕಾವಿನಲ್ಲಿ, ಕಾಮಾಲೆಗೆಂದು ಹಚ್ಚಿಟ್ಟ ನೀಲಿ ದೀಪದ ಕೆಳಗೆ, ಅಂಗೈಯಷ್ಟೂ ಅಗಲವಿಲ್ಲದ ಎದೆಗಳು ಏರಿಳಿಯುತ್ತಿವೆ. ಮಾನಿಟರ್ ಕುಯ್‌ಗುಟ್ಟಿದರೆ ಸಿಸ್ಟರ್ ಮೊದಲು ನೋಡುವುದು ಮಗುವಿನ ಮೈಬಣ್ಣ. ಆಮೇಲೆ ಪಾದ ಮುಟ್ಟಿ, ಜಾರಿದ ಪಟ್ಟಿಯನ್ನು ಸರಿಮಾಡುತ್ತಾರೆ.

ಗೋಡೆ ಬದಿಯ ಒರಗು ಕುರ್ಚಿಯಲ್ಲಿ ಅಜ್ಜಿ. ಸಿಸೇರಿಯನ್ ಹೊಲಿಗೆ ಹಿಡಿದುಕೊಂಡೇ ಬಾಣಂತಿ ಊಟಕ್ಕೆ ಹೋಗಿದ್ದಾಳೆ, ಈ ಹೊತ್ತು ಅಜ್ಜಿಯದು. ಗೌನಿನೊಳಗೆ ಬರಿ ಎದೆಗೆ ಒತ್ತಿಕೊಂಡ ಕೂಸಿಗೆ ಟೋಪಿ, ಲಂಗೋಟಿ ಬಿಟ್ಟರೆ ಬೇರೇನಿಲ್ಲ. ಕಪ್ಪೆಯ ಹಾಗೆ ಕೈಕಾಲು ಮಡಚಿ, ಉಸಿರಿಗೆ ಅಡ್ಡಿಯಾಗದಂತೆ ಕತ್ತು ಒಂದು ಬದಿಗೆ ತಿರುಗಿಸಿ, ಬಟ್ಟೆಯಿಂದ ಕಟ್ಟಿದ್ದಾರೆ. ತುಟಿ ನೀಲಿಯಾದರೆ, ಪಾದ ತಣ್ಣಗಾದರೆ, ಹಾಲಿಗೆ ಬಾಯಿ ತೆರೆಯದಿದ್ದರೆ ಕೂಗಬೇಕೆಂದು ಅವರಿಗೆ ಕಲಿಸಿದ್ದಾರೆ. ತಾಯಿ ಬಟ್ಟಲಿಗೆ ಹಿಂಡಿಕೊಟ್ಟ ಹಾಲನ್ನು ಒಳಲೆಯಲ್ಲಿ ಹನಿಹನಿಯಾಗಿ ಕುಡಿಸುವ ಹದ ಮಾತ್ರ ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಹಿಂದೆಲ್ಲ ಇಂಥ ಅಜ್ಜಿಯ ಜಾಗ ಹೊರಗಿನ ಬೆಂಚು. ಮನೆಯವರು ಬಂದರೆ ಸೋಂಕು ಬರುತ್ತದೆಂಬ ಭಯ. ದೆಹಲಿಯ ರಾಮ್ ಮನೋಹರ್ ಲೋಹಿಯಾ ಆಸ್ಪತ್ರೆಯಲ್ಲಿ ಹೆತ್ತವರಿಗೆ ತರಬೇತಿ ಕೊಟ್ಟು ಒಳಬಿಟ್ಟು ನೋಡಿದರು; ಸೋಂಕು ಹೆಚ್ಚಲಿಲ್ಲ, ಎದೆಹಾಲು ಕುಡಿಯುವ ಮಕ್ಕಳು ಹೆಚ್ಚಾದರು. 2017ರಲ್ಲಿ ಕೇಂದ್ರ ಸರ್ಕಾರವೇ ಕುಟುಂಬದವರನ್ನು ಆರೈಕೆಯಲ್ಲಿ ಸೇರಿಸಿಕೊಳ್ಳಲು ಮಾರ್ಗಸೂಚಿ ಹೊರಡಿಸಿತು. ಎದೆಗೊತ್ತಿಕೊಳ್ಳುವ ಈ ಕಾಂಗರೂ ಆರೈಕೆ ಇನ್ನೂ ಹಳೆಯದು: ಇನ್‌ಕ್ಯುಬೇಟರ್ ಸಾಲದ ಬೊಗೊಟಾ ನಗರದ ಆಸ್ಪತ್ರೆಯೊಂದರಲ್ಲಿ 1978ರ ಸುಮಾರಿಗೆ ಶುರುವಾಯಿತು. ಆದರೂ ಮಗು ಚೇತರಿಸಿಕೊಂಡ ಮೇಲಷ್ಟೇ ಅದನ್ನು ತಾಯಿಗೆ ಕೊಡುತ್ತಿದ್ದರು. ದೆಹಲಿಯ ಸಫ್ದರ್‌ಜಂಗ್ ಸೇರಿ ಐದು ದೇಶಗಳ ಆಸ್ಪತ್ರೆಗಳಲ್ಲಿ, ಒಂದರಿಂದ 1.8 ಕಿಲೋ ಒಳಗಿನ ಕೂಸುಗಳನ್ನು ಹುಟ್ಟಿದ ಕೂಡಲೇ ತಾಯಿಯೋ ಮನೆಯವರೋ ಎದೆಗೆ ಕಟ್ಟಿಕೊಂಡಾಗ, 28 ದಿನದೊಳಗಿನ ಸಾವು ನೂರಕ್ಕೆ 15.7ರಿಂದ 12ಕ್ಕೆ ಇಳಿದದ್ದು 2021ರಲ್ಲಿ ಪ್ರಕಟವಾಯಿತು. ಅಧ್ಯಯನವನ್ನು ನಡುವೆಯೇ ನಿಲ್ಲಿಸಿದರು. ಉಳಿದ ಕೂಸುಗಳಿಗೆ ಅದನ್ನು ತಪ್ಪಿಸುವುದು ಸರಿಯಲ್ಲವೆನಿಸಿತು.

ಮನೆಯವರ ಈ ಆರೈಕೆಯನ್ನೇ ನೆಪಮಾಡಿ ಸಿಸ್ಟರ್‌ಗಳ ಸಂಖ್ಯೆ ಕಡಿತ ಮಾಡಿದರೆ ಅದು ದ್ರೋಹ. ಅಜ್ಜಿ ಕಣ್ಣಿಡಬಲ್ಲರು, ಸೂಜಿ ಹಾಕಲಾರರು. ಅವರಿಗೊಂದು ಒರಗು ಕುರ್ಚಿ, ಬಾಣಂತಿಗೆ ಮಂಚ, ಹೊತ್ತಿಗೆ ಬಿಸಿಯೂಟ, ಕೂಲಿ ಬಿಟ್ಟು ಬಂದ ಅಪ್ಪನಿಗೆ ಮಲಗಲು ಜಾಗ, ಇವೂ ಔಷಧಿಯಷ್ಟೇ ಮುಖ್ಯವೆಂದು ನಾನು ನಂಬುತ್ತೇನೆ.

ಬಿಡುಗಡೆ ಹತ್ತಿರ ಬಂದಿದೆ. ಮನೆಯಲ್ಲಿ ಯಾರು ಯಾವಾಗ ಹೊತ್ತುಕೊಳ್ಳುತ್ತೀರೆಂದು ಸಿಸ್ಟರ್ ವಿಚಾರಿಸುತ್ತಾರೆ. ರಾತ್ರಿ ತಾಯಿ, ಬೆಳಿಗ್ಗೆ ಅಜ್ಜಿ. ಸಂಜೆ ಒಲೆ ಮುಂದೆ ರೊಟ್ಟಿ ಬಡಿಯುವಾಗಲೂ ಕಟ್ಟಿಕೊಳ್ಳಬಹುದೇ ಎಂಬುದು ಅಜ್ಜಿಯ ಅನುಮಾನ. ಹೊಗೆ ಆಗದು ಎನ್ನುತ್ತಾರೆ ಸಿಸ್ಟರ್. ಹಾಗಾದರೆ ಆ ಹೊತ್ತು ಅಪ್ಪನಿಗೆ. ಅಂಗಿ ಗುಂಡಿ ಬಿಚ್ಚಿ ಕೂರುವುದನ್ನು ಅವನೂ ಇವತ್ತೇ ಕಲಿಯಬೇಕು.