ಹಳಿ ಪಕ್ಕದ ಮೂರು ಬೆರಳಿನ ಸಂದು

‘ನಮ್ಮೂರಿಗೆ ರೈಲೇ ಇಲ್ಲ, ಗೇಟಿನ ಚಿಂತಿ ನಮಗ್ಯಾಕ್ರಿ?’

ನಿಪ್ಪಾಣಿಗೂ ಅಥಣಿಗೂ ರೈಲು ಬಂದಿಲ್ಲ, ನಿಜ. ಆದರೆ ಮಿರಜ–ಲೋಂಡಾ ಮಾರ್ಗ ಶೇಡಬಾಳ, ಉಗಾರ ಖುರ್ದ, ಕುಡಚಿ, ಚಿಂಚಲಿ, ರಾಯಬಾಗ, ಚಿಕ್ಕೋಡಿ ರೋಡ್ ಹಾದು ಹೋಗುತ್ತದೆ. ಅಥಣಿಯವರು ರೈಲು ಹಿಡಿಯಲು ಕುಡಚಿಗೋ ಉಗಾರಕ್ಕೋ ಬರಬೇಕು. ಚಿಂಚಲಿ ಮಾಯಕ್ಕನ ಜಾತ್ರೆಗಂತೂ ಸುತ್ತಲಿನ ತಾಲ್ಲೂಕುಗಳ ಜನ ಸೇರುತ್ತಾರೆ. ಆ ಜನರಲ್ಲಿ ಗಾಲಿಕುರ್ಚಿಯವರೂ ಮೂರು ಗಾಲಿ ಸೈಕಲ್ಲಿನವರೂ ಇರುತ್ತಾರೆ.

‘ಹಳಿ ಮಟ್ಟಕ್ಕ ಡಾಂಬರು ಹಾಕಿದ್ರ ಸಾಕು, ಸಲೀಸ ಹೋಗ್ತೈತಿ.’

ಹೋಗುವುದಿಲ್ಲ. ರೈಲಿನ ಗಾಲಿ ಹಳಿ ಬಿಟ್ಟು ಜಾರದಂತೆ ಅದರ ಒಳಬದಿಗೆ ಒಂದು ಏಣು ಇರುತ್ತದೆ. ಆ ಏಣು ಓಡಾಡಲು ಗೇಟಿನೊಳಗಿನ ಪ್ರತಿ ಹಳಿಯ ಪಕ್ಕ ಒಂದು ಸಂದು ಬಿಟ್ಟಿರುತ್ತಾರೆ. ನಮ್ಮ ರೈಲ್ವೆಯ ಲೆಕ್ಕದಲ್ಲಿ ಅದರ ಅಗಲ 51ರಿಂದ 57 ಮಿ.ಮೀ., ಹತ್ತಿರಹತ್ತಿರ ಮೂರು ಬೆರಳು. ಗಾಲಿಕುರ್ಚಿಯ ಮುಂದಿನ ಪುಟ್ಟ ಗಾಲಿ ಅದಕ್ಕಿಂತ ಕಿರಿದು, ಸಾಲದ್ದಕ್ಕೆ ತಾನೇ ತಿರುಗುವಂಥದ್ದು. ಓರೆಯಾಗಿ ಬಂದರೆ ಅದು ಸಂದಿನ ಕಡೆ ಹೊರಳಿ ಒಳಗೆ ಇಳಿಯುತ್ತದೆ. ಕುರ್ಚಿ ಗಕ್ಕನೆ ನಿಲ್ಲುತ್ತದೆ, ಕೂತವರ ಮೈ ಮುಂದಕ್ಕೆ ಮುಗ್ಗರಿಸುತ್ತದೆ, ಕೈ ಹಳಿಯ ಮೇಲೆ ಬೀಳುತ್ತದೆ. ನೂಕುವವರು ಜೋರು ಮಾಡಿದಷ್ಟೂ ಗಾಲಿ ಇನ್ನಷ್ಟು ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಮೂರು ಗಾಲಿ ಸೈಕಲ್ಲಿನ ಸಪೂರ ಟಯರಿಗೂ ಇದೇ ಅಪಾಯ.

‘ಹಂಗಾದ್ರ ಸಿಮೆಂಟ್ ತುಂಬಿ ಮುಚ್ಚಿಬಿಡ್ರಿ.’

ಮುಚ್ಚಿದರೆ ರೈಲೇ ಹಳಿ ತಪ್ಪೀತು. ಕಬ್ಬಿನ ಟ್ರ್ಯಾಕ್ಟರುಗಳು ಬೀಳಿಸಿಹೋದ ಮಣ್ಣು, ಕಲ್ಲನ್ನು ಸಂದಿನಿಂದ ತೆಗೆಯುತ್ತಿರಬೇಕಾದದ್ದು ಅದಕ್ಕೇ. ಸಂದಿನಲ್ಲಿ ಕೂರಿಸುವ, ಒತ್ತಿದರೆ ಕುಗ್ಗುವ ರಬ್ಬರ್ ಪಟ್ಟಿ ಕೆಲವು ದೇಶಗಳಲ್ಲಿದೆ. ಆದರೆ ಅದು ಬಾಳಿಕೆ ಬರುವುದು ಹೆಚ್ಚಾಗಿ ನಿಧಾನ ಓಡುವ ಮಾರ್ಗಗಳಲ್ಲಿ. ಅಮೆರಿಕದ ಅಂಗವಿಕಲರ ನಿಯಮವೇ ಎರಡೂವರೆ ಇಂಚು, ಗೂಡ್ಸ್ ಮಾರ್ಗದಲ್ಲಿ ಮೂರು ಇಂಚಿನವರೆಗೆ ಸಂದು ಒಪ್ಪುತ್ತದೆ. ನಮ್ಮದು ಅದಕ್ಕಿಂತ ಕಿರಿದೇ. ಆದ್ದರಿಂದ ನಾವು ನೋಡಬೇಕಾದದ್ದು ದಾಟುವ ಕೋನವನ್ನು. ರಸ್ತೆ ಓರೆಯಾಗಿ ಬರುವ ಗೇಟಿನಲ್ಲಿ ವಾಹನಗಳು ಹಾಗೇ ಹೋಗಲಿ. ನಡೆಯುವವರ ಪಟ್ಟಿಯೊಂದನ್ನು ಮಾತ್ರ ಹಳಿಗೆ ನೇರ ಅಡ್ಡಲಾಗಿ ತಿರುಗಿಸಿ, ಗಟ್ಟಿ ನೆಲ ಹಾಕಿಕೊಡಬೇಕು. ಇದು ದೊಡ್ಡ ಖರ್ಚಿನ ಕೆಲಸವೂ ಅಲ್ಲ.

ಅಲ್ಲಿಯವರೆಗೆ ಜೊತೆಗಿರುವವರು ಕುರ್ಚಿಯನ್ನು ತಿರುಗಿಸಿ, ದೊಡ್ಡ ಗಾಲಿ ಮೊದಲು ಹಳಿ ದಾಟುವಂತೆ ಹಿಮ್ಮುಖವಾಗಿ, ನೇರವಾಗಿ ಎಳೆದುಕೊಂಡು ಹೋಗುವುದು ಒಳ್ಳೆಯದು.

‘ಗೇಟ್‌ಮನ್ ಅದಾನಲ್ಲ, ರೈಲು ನಿಲ್ಲಿಸ್ತಾನ.’

ಬ್ರಾಡ್‌ಗೇಜ್ ಮಾರ್ಗದ ಕಾವಲಿಲ್ಲದ ಗೇಟುಗಳೆಲ್ಲ 2019ರ ಜನವರಿಗೆ ಕೊನೆಯಾದವು, ಈಗ ಪ್ರತಿ ಗೇಟಿಗೂ ಮನುಷ್ಯರಿದ್ದಾರೆ. ಆದರೂ ಗಂಟೆಗೆ 100 ಕಿ.ಮೀ. ವೇಗದ ರೈಲು ಬ್ರೇಕ್ ಹಾಕಿದ ಮೇಲೆ ನಿಲ್ಲಲು ಹತ್ತಿರಹತ್ತಿರ ಒಂದು ಕಿಲೋಮೀಟರ್ ಬೇಕು. ಗೇಟ್‌ಮನ್‌ನಿಂದ ಸಹಾಯ ಸಿಗುವುದು ಗೇಟು ಬೀಳುವುದಕ್ಕೆ ಮುಂಚೆ. ‘ಕುರ್ಚಿ ದಾಟಸ್ತೇವ್ರಿ, ರೈಲು ಯಾವಾಗ ಐತಿ?’ ಎಂದು ಮೊದಲೇ ಕೇಳಿ, ಸಾಕಷ್ಟು ಹೊತ್ತು ಇದ್ದರೆ ಮಾತ್ರ ಹಳಿಗೆ ಇಳಿಯಿರಿ. ಬಿದ್ದ ಗೇಟಿನ ಕೆಳಗೆ ಕುರ್ಚಿ ನುಗ್ಗಿಸುವುದು ಬೇಡವೇ ಬೇಡ.

‘ಗೇಟು ತೆಗೆದು ಕೆಳಸೇತುವೆ ಮಾಡಿದ್ರ ಮುಗೀತು.’

ವಾಹನದವರಿಗೆ ಮುಗಿಯಿತು. ಗಾಲಿಕುರ್ಚಿಯ ಇಳಿಜಾರಿಗೆ ಒಂದು ಅಡಿ ಏರಲು ಕನಿಷ್ಠ ಹನ್ನೆರಡು ಅಡಿ ಉದ್ದ ಬೇಕು, ನಡುನಡುವೆ ಸಮತಟ್ಟಾದ ನಿಲುಗಡೆ ಬೇಕು, ಹಿಡಿಕೆ ಬೇಕು. ಮಳೆಗಾಲದಲ್ಲಿ ಕೆಳಸೇತುವೆಯಲ್ಲಿ ಮೊಣಕಾಲುದ್ದ ನೀರು ನಿಂತರೆ ಬೈಕಿನವನು ಹೇಗೋ ದಾಟುತ್ತಾನೆ, ಕುರ್ಚಿಯಲ್ಲಿ ಕೂತವರು ಮನೆಗೆ ಮರಳುತ್ತಾರೆ.

‘ಮಾಡಿಕೊಟ್ರ ಅವರ ಪುಣ್ಯ’ ಎನ್ನುವವರೂ ಇದ್ದಾರೆ. ಪುಣ್ಯದ ಮಾತಲ್ಲ ಇದು, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕೊಟ್ಟ ಹಕ್ಕು. ಇಂಥ ಸೌಲಭ್ಯದ ಕನಿಷ್ಠ ನಿಯಮಗಳು ಬರೀ ಸಲಹೆಯಾಗಿ ಉಳಿಯಬಾರದು, ಕಡ್ಡಾಯವಾಗಬೇಕು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ರಾಜೀವ್ ರತುರಿ ಪ್ರಕರಣದಲ್ಲಿ ಹೇಳಿದೆ. ಗೇಟಿನೊಳಗಿನ ನೆಲಕ್ಕೆ ರೈಲ್ವೆಯನ್ನೂ, ಅಲ್ಲಿಗೆ ಬರುವ ರಸ್ತೆಗೆ ಪಂಚಾಯಿತಿ ಅಥವಾ ಲೋಕೋಪಯೋಗಿ ಇಲಾಖೆಯನ್ನೂ ಕೇಳಬೇಕು. ಅರ್ಜಿ ಬರೆಯಲು ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರ ನೆರವು ಪಡೆಯಬಹುದು.

ಬಾಗಲಕೋಟೆ–ಕುಡಚಿ ಹೊಸ ಮಾರ್ಗವಂತೂ ನಮ್ಮ ಭಾಗಕ್ಕೇ ಬಂದು ಸೇರುವಂಥದ್ದು. ಹೊಸ ಮಾರ್ಗಗಳಲ್ಲಿ ಗೇಟು ಇಡದೆ ಸೇತುವೆ, ಕೆಳಸೇತುವೆ ಕಟ್ಟುವುದೇ ಈಗಿನ ಪದ್ಧತಿ. ಅವುಗಳ ಇಳಿಜಾರನ್ನೂ ನೀರು ಹೋಗುವ ದಾರಿಯನ್ನೂ ಕಾಂಕ್ರೀಟ್ ಬೀಳುವ ಮೊದಲೇ ಗಾಲಿಕುರ್ಚಿಯವರಿಗೆ ತೋರಿಸಿ, ಅವರನ್ನು ಕೇಳಬೇಕು.