ಕಳೆ ಕೀಳೋ ಹೊತ್ತಲ್ಲಿ ಮಕ್ಕಳನ್ನೇನು ಮಾಡೋದು?

ಹೋದ ಮುಂಗಾರಿನ ಒಂದು ಭಾನುವಾರ. ಶೇಂಗಾ ಹೊಲದಲ್ಲಿ ಎರಡನೇ ಕಳೆ ನಡೆದಿತ್ತು. ನಾನು, ಹೆಂಡತಿ, ಮಗ, ಸೊಸೆ ನಾಲ್ಕೂ ಜನ ಸಾಲು ಹಿಡಿದಿದ್ವಿ. ಅಂಗನವಾಡಿಗೆ ರಜೆ. ಎರಡು ವರ್ಷದ ಮೊಮ್ಮಗ ಹೊಂಗೆ ಮರದ ಜೋಲಿಯಲ್ಲಿ ಮಲಗಿದ್ದ. ಐದು ವರ್ಷದ ಮೊಮ್ಮಗಳ ಕೈಗೆ ಮೊಬೈಲ್ ಕೊಟ್ಟು ಚಾಪೆ ಮೇಲೆ ಕೂರಿಸಿದ್ವಿ. ಮೊಬೈಲ್ ಸದ್ದು ಕೇಳ್ತಾ ಇದ್ದರೆ ಹುಡುಗಿ ಅಲ್ಲೇ ಇದ್ದಾಳೆ ಅಂತ ನಮ್ಮ ಲೆಕ್ಕ.

ಸದ್ದು ಕೇಳ್ತಾನೇ ಇತ್ತು. ಸಾಲಿನ ಕೊನೆಗೆ ಬಂದು ತಲೆ ಎತ್ತಿದರೆ ಚಾಪೆ ಮೇಲೆ ಮೊಬೈಲ್ ಹಾಡ್ತಾ ಇದೆ, ಹುಡುಗಿ ಇಲ್ಲ. ಕೃಷಿ ಹೊಂಡದ ಏರಿ ಮೇಲೆ ಚೊಂಬು ಹಿಡಿದು ಬಗ್ಗಿದ್ದಳು. ಕೂಗಿದರೆ ಬೆಚ್ಚಿ ಜಾರಿಯಾಳು ಅಂತ ಬಾಯಿ ಮುಚ್ಚಿಕೊಂಡೇ ಓಡಿದೆ. ತೋಳು ಹಿಡಿದು ಈಚೆ ಎಳೆದ ಮೇಲೆ ನನ್ನ ಕಾಲು ನಿಲ್ಲಲಿಲ್ಲ, ಅಲ್ಲೇ ಕೂತುಬಿಟ್ಟೆ. ಯಾಕೆ ಬಂದೆ ಅಂದರೆ, "ಅಜ್ಜಿ ಮೆಣಸಿನ ಗಿಡಕ್ಕೆ ನೀರು ಹಾಕ್ತಾಳಲ್ಲ, ನಾನೂ ಹಾಕ್ತೀನಿ" ಅಂದಳು.

ಆ ಮಾತಿನಿಂದ ನನಗೆ ತಿಳಿದದ್ದು ಇಷ್ಟು. ಮಕ್ಕಳಿಗೆ ಆಟದ ಸಾಮಾನಿಗಿಂತ ನಾವು ಮಾಡೋ ಕೆಲಸದ ಮೇಲೇ ಕಣ್ಣು. ಅದರಲ್ಲಿ ಒಂದು ತುಂಡು ನಾವೇ ಕೊಡದಿದ್ದರೆ ಅವರೇ ಹುಡುಕಿಕೊಂಡು ಹೋಗ್ತಾರೆ, ನಮ್ಮ ಕಣ್ಣಿಲ್ಲದ ಕಡೆಗೇ ಹೋಗ್ತಾರೆ.

ಮೊದಲು ಅಪಾಯಕ್ಕೆ ಬೇಲಿ

ನಮ್ಮ ಹೊಂಡ 40 ಅಡಿ ಉದ್ದ, 40 ಅಡಿ ಅಗಲ, 10 ಅಡಿ ಆಳ. ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿದೆ. ಪಾಚಿ ಕಟ್ಟಿದ ಹಾಳೆ ಮೇಲೆ ದೊಡ್ಡವರಿಗೂ ಕಾಲು ನಿಲ್ಲೋದಿಲ್ಲ. ಕಳೆ ಮುಗಿಯೋದನ್ನೂ ಕಾಯದೆ ಸುತ್ತ ಐದು ಅಡಿ ಎತ್ತರಕ್ಕೆ ಜಾಲರಿ ಕಟ್ಟಿಸಿದೆ. ಬಾಗಿಲ ಚಿಲಕ ಮಕ್ಕಳ ಕೈಗೆಟುಕದಷ್ಟು ಮೇಲಿದೆ. ನಾಲ್ಕು ಮೂಲೆಗೂ ಗಂಟು ಹಾಕಿದ ಹಗ್ಗ ಇಳಿಬಿಟ್ಟಿದ್ದೀನಿ. ಹೊಂಡ ತೋಡಿದ ದಿನವೇ ಮಾಡಬೇಕಿದ್ದ ಕೆಲಸ ಇದು. ತಪ್ಪು ನನ್ನದೇ.

ನೀರು ಬಾರದ ಕೊಳವೆಬಾವಿ ಇದ್ದರೆ ಇವತ್ತೇ ಮುಚ್ಚಿ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲೂಕಿನ ಲಚ್ಯಾಣದಲ್ಲಿ, ಬಾಯಿ ತೆರೆದಿದ್ದ ಕೊಳವೆಬಾವಿಗೆ ಬಿದ್ದ ಪುಟ್ಟ ಮಗುವನ್ನು ಜೀವಂತ ಮೇಲೆತ್ತೋಕೆ ಸುಮಾರು 20 ಗಂಟೆ ಹಿಡಿಯಿತು. ಎಲ್ಲ ಮಕ್ಕಳಿಗೂ ಆ ಅದೃಷ್ಟ ಇರೋದಿಲ್ಲ. ಕೈಬಿಟ್ಟ ಕೊಳವೆಬಾವಿಯನ್ನು ತಳದಿಂದ ಬಾಯಿವರೆಗೆ ಮಣ್ಣು, ಮರಳು, ಕಲ್ಲು ತುಂಬಿ ಮುಚ್ಚಬೇಕು ಅಂತ ಸುಪ್ರೀಂ ಕೋರ್ಟು 2010ರಲ್ಲೇ ಹೇಳಿದೆ.

ಔಷಧಿ ಡಬ್ಬಿಗಳಿಗೆ ಬೀಗ ಇರಲಿ. ಉಳಿದ ಔಷಧಿಯನ್ನು ಕುಡಿಯೋ ನೀರಿನ ಬಾಟ್ಲಿಗೆ ಸುರಿಯೋ ಅಭ್ಯಾಸ ಬಿಡಿ. ಸಿಂಪರಣೆ ದಿನ ಮಕ್ಕಳನ್ನು ಹೊಲಕ್ಕೇ ಕರೆತರಬೇಡಿ. ಬದುವಿನ ಹರಳು ಬೀಜ, ಬೇಲಿಯ ಗುಲಗಂಜಿ, ಬೀಜೋಪಚಾರ ಮಾಡಿದ ಬೀಜ ಮೂರೂ ವಿಷವೇ.

ಹುಡುಗಿಗೊಂದು ಮಡಿ

ಬೇಲಿ ಆದ ಮೇಲೆ ಹೊಂಗೆ ಮರದ ನೆರಳು ಮುಗಿಯೋ ಕಡೆ ಆರು ಅಡಿ ಉದ್ದ, ಮೂರು ಅಡಿ ಅಗಲದ ಮಡಿ ಮಾಡಿಕೊಟ್ಟೆ. ನಾವು ಕೆಲಸ ಮಾಡೋ ಸಾಲಿನಿಂದ ಅದು ಕಾಣಬೇಕು, ಇದು ಮುಖ್ಯ. ಸುತ್ತ ಕಲ್ಲು ಜೋಡಿಸೋ ಕೆಲಸ ಅವಳಿಗೇ ಬಿಟ್ಟೆ. ಕಲ್ಲಿನಡಿ ಚೇಳು ಇದ್ದೀತು ಅಂತ ಮೊದಲು ನಾನು ಒಂದೊಂದನ್ನೂ ಮಗುಚಿ ನೋಡಿ ಕೊಟ್ಟೆ.

ಮಕ್ಕಳಿಗೆ ಕಾಯೋ ತಾಳ್ಮೆ ಇಲ್ಲ. ಆದ್ದರಿಂದ ಬೇಗ ಹುಟ್ಟೋದನ್ನೇ ಹಾಕಿಸಿ. ಮೆಂತ್ಯ ಮೂರನೇ ದಿನಕ್ಕೆ ತಲೆ ಎತ್ತಿತು, ಅಲಸಂದೆ ಐದನೇ ದಿನಕ್ಕೆ. ಮೆಂತ್ಯ ತಿಂಗಳೊಳಗೆ ಸಾರಿಗೆ ಬಂತು. ಮೂಲಂಗಿ ಆರು ವಾರ ತೆಗೆದುಕೊಂಡಿತು, ಅಷ್ಟರಲ್ಲಿ ಬೇರು ಎಷ್ಟು ಬಂತು ನೋಡ್ತೀನಿ ಅಂತ ಅರ್ಧ ಗಿಡ ಕಿತ್ತಿದ್ದಳು. ಬೈಯಬೇಡಿ. ಮಡಿ ಅವಳದು, ನಷ್ಟವೂ ಅವಳದು.

ನೀರಿಗೆ ಮುಚ್ಚಳದಲ್ಲಿ ತೂತು ಹಾಕಿದ, ಕುಡಿಯೋ ನೀರಿನ ಹಳೇ ಬಾಟ್ಲಿ ಸಾಕು. ಅದನ್ನು ತುಂಬಿಸಿಕೊಡೋದು ಮಾತ್ರ ದೊಡ್ಡವರ ಕೆಲಸ.

ಒಂದು ಸಲಕ್ಕೆ ಒಂದೇ ಕೆಲಸ

"ಕಳೆ ಕೀಳು" ಅಂದರೆ ಮಗು ಶೇಂಗಾನೂ ಕೀಳ್ತದೆ. ಅದಕ್ಕೇ ಒಂದೇ ಗಿಡ ತೋರಿಸಿ. ನಾನು ಅಣ್ಣೆ ಸೊಪ್ಪು ತೋರಿಸಿದೆ. ಅದು ನಮಗೆ ಕಳೆ, ಅಡುಗೆಮನೆಗೆ ಸೊಪ್ಪು. ಕುಕ್ಕೆ ತುಂಬಿಸಿದರೆ ಸಂಜೆ ಮಸ್ಸೊಪ್ಪು. ತಾನು ತಂದದ್ದು ಅಂತ ಒಂದು ತುತ್ತು ಹೆಚ್ಚೇ ತಿಂದಳು. ಪಾರ್ಥೇನಿಯಂ ಮಾತ್ರ ಮುಟ್ಟಿಸಬೇಡಿ, ತುರಿಕೆ ಬರ್ತದೆ. ಕಂಬಳಿಹುಳ ಕಂಡರೆ ಮುಟ್ಟದೆ ನನ್ನನ್ನು ಕೂಗು ಅಂತ ಹೇಳಿಕೊಟ್ಟಿದ್ದೀನಿ. ಅವಳ ಕಣ್ಣು ನನ್ನ ಕಣ್ಣಿಗಿಂತ ನೆಲಕ್ಕೆ ಹತ್ತಿರ, ನನಗಿಂತ ಮೊದಲು ಅವಳಿಗೇ ಕಾಣ್ತದೆ.

ಒಂದು ಕೆಲಸ ಕಾಲು ಗಂಟೆ ನಡೆದರೆ ಹೆಚ್ಚು. ಆಮೇಲೆ ಬದಲಿಸಿ. ಮಧ್ಯಾಹ್ನದ ಬಿಸಿಲಿಗೆ ಯಾವ ಕೆಲಸವೂ ಬೇಡ. ಇದು ಕೂಲಿಯಲ್ಲ, ಬೇಡ ಅಂದರೆ ಬಿಟ್ಟುಬಿಡಬೇಕು.

ಚಿಕ್ಕ ಕೂಸಿಗೆ ಬೀಜ ಕೊಡಬೇಡಿ

ಮೂರು ವರ್ಷದ ಒಳಗಿನ ಕೂಸು ಬೀಜವನ್ನು ಮೂಗಿಗೋ ಬಾಯಿಗೋ ಹಾಕ್ತದೆ. ಮೊಮ್ಮಗನಿಗೆ ತೆಂಗಿನ ಚಿಪ್ಪು, ಜರಡಿ ಹಿಡಿದ ಮಣ್ಣು, ತಟ್ಟೆಯಲ್ಲಿ ಎರಡು ಬೆರಳು ನೀರು. ಬಕೆಟ್ಟಿನ ನೀರಿಗೆ ಮುಗುಚಿದರೂ ಕೂಸಿನ ಜೀವಕ್ಕೆ ಅಪಾಯ ಉಂಟು, ಆಟ ಮುಗಿದ ಕೂಡಲೇ ಚೆಲ್ಲಿಬಿಡಿ. ಜೋಲಿ ಕಟ್ಟೋ ಮೊದಲು ಕೊಂಬೆಯಲ್ಲಿ ಇರುವೆ ಗೂಡು ನೋಡಿ, ಗಂಟು ಎಳೆದು ನೋಡಿ.

ಲೆಕ್ಕ

ಮಡಿ ಇದ್ದರೂ ಕಾವಲು ತಪ್ಪಿದ್ದಲ್ಲ. ಈಗ ನಮ್ಮಲ್ಲಿ ಒಬ್ಬರು ಸರದಿ ಮೇಲೆ ಮಕ್ಕಳ ಹತ್ತಿರದ ಸಾಲನ್ನೇ ಹಿಡೀತೀವಿ. "ಈಗ ನೀನು ನೋಡು" ಅಂತ ಬಾಯಿಬಿಟ್ಟು ಹೇಳಿಯೇ ಬದಲಾಯಿಸ್ತೀವಿ. ಆ ಭಾನುವಾರ ನಾಲ್ಕೂ ಜನ ಇನ್ನೊಬ್ಬರು ನೋಡ್ತಾ ಇದ್ದಾರೆ ಅಂದುಕೊಂಡಿದ್ವಿ. ಹೀಗೆ ಮಾಡಿದರೆ ದಿನಕ್ಕೆ ಒಂದು ಗಂಟೆ ಕೆಲಸ ಹಿಂದೆ ಬೀಳ್ತದೆ. ನಾಲ್ಕು ದಿನದ ಕಳೆ ಐದು ದಿನ ಆಗ್ತದೆ. ಮಳೆ ಹತ್ತಿರ ಇದ್ದಾಗ ಅದು ಸಣ್ಣ ನಷ್ಟವಲ್ಲ, ನನಗೂ ಗೊತ್ತು. ಆದರೆ ಹುಡುಗಿಯನ್ನು ಆ ಏರಿ ಮೇಲೆ ಕಂಡ ಮೇಲೆ ಆ ಒಂದು ಗಂಟೆಯನ್ನು ನಾನು ಲೆಕ್ಕಕ್ಕೆ ಹಿಡಿಯೋದಿಲ್ಲ.

ಈ ಸಲ ಅಲಸಂದೆ ಬೀಜವನ್ನು ಅವಳೇ ಬೂದಿಯಲ್ಲಿ ಬೆರೆಸಿ ಡಬ್ಬಿಗೆ ತುಂಬಿಟ್ಟಿದ್ದಾಳೆ. ನಿಮ್ಮ ಹೊಲದಲ್ಲಿ ಮಕ್ಕಳಿಗೆ ಯಾವ ಕೆಲಸ ಹಿಡಿಸಿತು, ಪತ್ರಿಕೆಗೆ ಬರೆಯಿರಿ. ಅದಕ್ಕೂ ಮೊದಲು ಎದ್ದು ಹೋಗಿ ಹೊಂಡದ ಬೇಲಿ ನೋಡಿ ಬನ್ನಿ.