ಮನೆಯ ಬಿಯರಿಗೆ ಅಳತೆ ಇಡುವವರು ಯಾರು?

ಆಕ್ಲೆಂಡಿನ ಪೂರ್ವ ಅಂಚಿನ ಬಾಟನಿ ಡೌನ್ಸ್‌ನಲ್ಲಿ ಜುಲೈ ಬಂತೆಂದರೆ ದೋಸೆ ಹಿಟ್ಟು ಹುಳಿ ಬರುವುದಿಲ್ಲ. ರಾತ್ರಿ ರುಬ್ಬಿಟ್ಟ ಹಿಟ್ಟು ಬೆಳಿಗ್ಗೆಯೂ ಇಟ್ಟಷ್ಟೇ ಇರುತ್ತದೆ. ಇದಕ್ಕೆ ಕನ್ನಡದ ಮನೆಗಳು ಕಂಡುಕೊಂಡ ಉಪಾಯವೆಂದರೆ ಬಿಸಿನೀರಿನ ಸಿಲಿಂಡರ್ ಇರುವ ಕಪಾಟು. ಟವೆಲ್ಲುಗಳ ನಡುವೆ ಪಾತ್ರೆ ಇಟ್ಟು ಬಾಗಿಲು ಮುಚ್ಚಿದರೆ ಬೆಳಗಾಗುವಷ್ಟರಲ್ಲಿ ಹಿಟ್ಟು ಉಬ್ಬಿರುತ್ತದೆ. ನ್ಯೂಜಿಲೆಂಡಿನ ಮನೆಗಳಲ್ಲಿ ಅದೇ ಕಪಾಟಿಗೆ ಇನ್ನೊಂದು ಹಳೆಯ ಉಪಯೋಗವಿದೆ. ಮನೆಯಲ್ಲೇ ಬಿಯರ್ ಮಾಡುವವರು ಚಳಿಗಾಲದಲ್ಲಿ ತಮ್ಮ ಡ್ರಮ್ಮನ್ನು ಇಡುವುದೂ ಅಲ್ಲಿಯೇ. ಎರಡು ಪಾತ್ರೆಗಳಲ್ಲೂ ನಡೆಯುವುದು ಹುದುಗುವಿಕೆ. ಆದರೆ ಮೊದಲನೆಯದಕ್ಕೆ ಜಗತ್ತಿನಲ್ಲಿ ಎಲ್ಲಿಯೂ ಪರವಾನಗಿ ಬೇಡ. ಎರಡನೆಯದು ಒಂದು ದೇಶದಲ್ಲಿ ಹವ್ಯಾಸ, ಇನ್ನೊಂದು ದೇಶದಲ್ಲಿ ಅಪರಾಧ. ಈ ವ್ಯತ್ಯಾಸ ಹೇಗೆ ಹುಟ್ಟಿತು ಎಂಬುದನ್ನು, ಮನೆ ತಯಾರಕರ ಕೈಯಲ್ಲೇ ರೂಪ ಪಡೆದ ಒಂದು ಬಿಯರಿನ ಮೂಲಕ ನೋಡಬಹುದು. ಅದು ಹಾಪ್ಸ್ ಎಂಬ ಕಹಿ ಹೂವು ಹೆಚ್ಚಿರುವ ಕಂದು ಬಿಯರ್, ಬ್ರೌನ್ ಏಲ್.

ಕಂದು ಬಣ್ಣದ ಚರಿತ್ರೆ

ಒಂದು ಕಾಲದಲ್ಲಿ ಲಂಡನ್ನಿನ ಬಿಯರಿನ ಬಣ್ಣವೇ ಕಂದು. ಮೊಳಕೆ ಬರಿಸಿದ ಬಾರ್ಲಿಯನ್ನು, ಅಂದರೆ ಮಾಲ್ಟನ್ನು, ಕಟ್ಟಿಗೆಯ ಬೆಂಕಿಯಲ್ಲಿ ಒಣಗಿಸುತ್ತಿದ್ದರು. ಕಾಳು ಕೆಂಪಗೆ ಹುರಿದು ಹೊಗೆಯ ವಾಸನೆಯನ್ನೂ ಹೊತ್ತು ಬರುತ್ತಿತ್ತು. 18ನೇ ಶತಮಾನದ ಕೊನೆಯಲ್ಲಿ ತಯಾರಕರ ಕೈಗೆ ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಬಂದಾಗ ಒಂದು ಸತ್ಯ ಹೊರಬಿತ್ತು. ಅಷ್ಟೇ ತೂಕದ ಕಂದು ಮಾಲ್ಟಿನಿಂದ ಸಿಗುವ ಸಕ್ಕರೆಗಿಂತ ಬಿಳಿ ಮಾಲ್ಟಿನಿಂದ ಸಿಗುವುದು ಹೆಚ್ಚು. 1817ರಲ್ಲಿ ಕಾಳು ಹುರಿಯುವ ಪೀಪಾಯಿಗೆ ಪೇಟೆಂಟ್ ಸಿಕ್ಕಿತು. ಬಿಳಿ ಮಾಲ್ಟಿಗೆ ಬಣ್ಣಕ್ಕಷ್ಟೇ ಚೂರು ಹುರಿದ ಕಾಳು ಸೇರಿಸುವ ಪದ್ಧತಿ ಬೆಳೆಯಿತು. ಇಂಗ್ಲೆಂಡಿನಲ್ಲಿ ಬ್ರೌನ್ ಏಲ್ ಮತ್ತೆ ಜನಪ್ರಿಯವಾದದ್ದು 20ನೇ ಶತಮಾನದಲ್ಲಿ. ನ್ಯೂಕ್ಯಾಸಲ್ಲಿನ ಹೆಸರಾಂತ ಬಾಟಲಿ ಬಂದದ್ದು 1927ರಲ್ಲಿ. ಆದರೆ ಆ ಹೊತ್ತಿಗೆ ಅದು ಕಹಿ ಕಡಿಮೆಯಾದ, ಸಿಹಿಯತ್ತ ವಾಲಿದ ಪಾನೀಯವಾಗಿತ್ತು.

ಅದಕ್ಕೆ ಕಹಿಯನ್ನೂ ಪರಿಮಳವನ್ನೂ ಸೇರಿಸಿದವರು ಕಾರ್ಖಾನೆಯವರಲ್ಲ, ಅಮೆರಿಕದ ಮನೆ ತಯಾರಕರು. ಅಲ್ಲಿ ಮನೆಯ ಬಿಯರಿಗೆ ಒಕ್ಕೂಟ ಸರ್ಕಾರದ ಒಪ್ಪಿಗೆ ಸಿಕ್ಕಿದ್ದು 1978ರಲ್ಲಿ. 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾ ಮತ್ತು ಟೆಕ್ಸಾಸಿನ ಹವ್ಯಾಸಿಗಳು ಸ್ಪರ್ಧೆಗಳಿಗೆ ತಂದ ಕಂದು ಬಿಯರು ಇಂಗ್ಲಿಷ್ ಮಾದರಿಯ ಮಿತಿ ಮೀರಿತ್ತು. ಹೀಗಾಗಿ ಅದಕ್ಕೊಂದು ಪ್ರತ್ಯೇಕ ವರ್ಗವನ್ನೇ ಮಾಡಬೇಕಾಯಿತು.

ನ್ಯೂಜಿಲೆಂಡಿನಲ್ಲಿ ‘ಕಂದು’ ಎಂಬುದರ ಅರ್ಥವೇ ಬೇರೆ ಇತ್ತು. 1917ರ ಡಿಸೆಂಬರಿನಿಂದ 1967ರ ಅಕ್ಟೋಬರಿನವರೆಗೆ ಅಲ್ಲಿನ ಪಬ್ಬುಗಳು ಸಂಜೆ ಆರಕ್ಕೆ ಮುಚ್ಚಬೇಕಿತ್ತು. ಐದಕ್ಕೆ ಕೆಲಸ ಬಿಟ್ಟವರು ಒಂದು ಗಂಟೆಯಲ್ಲಿ ಎಷ್ಟಾಗುತ್ತದೋ ಅಷ್ಟು ಕುಡಿಯುತ್ತಿದ್ದರು. ಟ್ಯಾಂಕರಿನಲ್ಲಿ ಬಂದ ಬಿಯರನ್ನು ಕೊಳವೆಯಿಂದ ಗ್ಲಾಸಿಗೆ ಸುರಿಯುತ್ತಿದ್ದರು. ಆಕ್ಲೆಂಡಿನಲ್ಲಿ ರೂಪುಗೊಂಡು 1956ರಲ್ಲಿ ಪೇಟೆಂಟ್ ಪಡೆದ ನಿರಂತರ ಹುದುಗುವಿಕೆಯ ವಿಧಾನ ಉತ್ಪಾದನೆಯ ವೇಗ ಹೆಚ್ಚಿಸಿತು, ರುಚಿಯನ್ನು ಏಕರೂಪವಾಗಿಸಿತು. ಎರಡು ದೊಡ್ಡ ಕಂಪನಿಗಳೇ ಮಾರುಕಟ್ಟೆ ಆಳುತ್ತಿದ್ದ ಆ ಕಾಲದಲ್ಲಿ ಸಿಕ್ಕುತ್ತಿದ್ದದ್ದು ಬಹುಪಾಲು ಸಿಹಿಯಾದ, ಕಂದು ಬಣ್ಣದ, ಹಾಪ್ಸ್ ಕಡಿಮೆಯಿದ್ದ ಲಾಗರ್. ಸಣ್ಣ ಬ್ರೂವರಿಗಳ ಮರುಹುಟ್ಟು ಆರಂಭವಾದದ್ದು 1981ರಲ್ಲಿ, ನೆಲ್ಸನ್ ಪ್ರಾಂತ್ಯದಲ್ಲಿ. ಇಂದು ಹಾಪ್ಸ್ ಹೆಚ್ಚಿರುವ ಬ್ರೌನ್ ಏಲನ್ನು ಮನೆಯಲ್ಲಿ ಮಾಡುವವರು ಆ ಹಳೆಯ ಕಂದು ಬಣ್ಣವನ್ನು ಉಳಿಸಿಕೊಂಡು, ಅದರಲ್ಲಿ ಇಲ್ಲದಿದ್ದ ರುಚಿಯನ್ನು ತುಂಬುತ್ತಿದ್ದಾರೆ.

ನೆಲ್ಸನ್ನಿನ ಹೂವು

ಹಾಪ್ಸ್ ಒಂದು ಬಳ್ಳಿ. ಬಿಯರಿಗೆ ಬಳಸುವುದು ಅದರ ಹೆಣ್ಣುಹೂವನ್ನು. ಹೂವಿನ ಎಸಳುಗಳ ಬುಡದಲ್ಲಿರುವ ಹಳದಿ ಪುಡಿಯಲ್ಲಿ ಕಹಿಯೂ ಪರಿಮಳವೂ ಅಡಗಿವೆ. ಬೇಸಿಗೆಯ ದೀರ್ಘ ಹಗಲು ಈ ಬಳ್ಳಿಗೆ ಅಗತ್ಯ. ಸಮಭಾಜಕಕ್ಕೆ ಹತ್ತಿರವಾದಷ್ಟೂ ಅದು ಬೆಳೆಯುವ ಮೊದಲೇ ಹೂ ಬಿಟ್ಟು ಸೊರಗುತ್ತದೆ. ಭಾರತದಲ್ಲಿ ಅದರ ಬೇಸಾಯ ಹಿಮಾಚಲದ ಲಾಹೌಲ್‌ನಂಥ ಎತ್ತರದ ಕಣಿವೆಗಳಿಗೆ ಸೀಮಿತ. 41 ಡಿಗ್ರಿ ದಕ್ಷಿಣ ಅಕ್ಷಾಂಶದ ನೆಲ್ಸನ್ ಪ್ರದೇಶಕ್ಕೆ 19ನೇ ಶತಮಾನದ ಇಂಗ್ಲಿಷ್ ಮತ್ತು ಜರ್ಮನ್ ವಲಸಿಗರು ಈ ಬಳ್ಳಿಯನ್ನು ತಂದರು. 20ನೇ ಶತಮಾನದ ಮಧ್ಯದಲ್ಲಿ ಬೇರುಕೊಳೆ ರೋಗ ತೋಟಗಳನ್ನು ಕಾಡಿದಾಗ ಅಲ್ಲಿನ ರಿವಾಕ ಎಂಬ ಊರಿನಲ್ಲಿ ತಳಿ ಸಂಶೋಧನೆ ಶುರುವಾಯಿತು. ರೋಗಕ್ಕೆ ಪರಿಹಾರ ಹುಡುಕಲು ಹೊರಟ ಆ ಕೆಲಸ ಕೊನೆಗೆ ಕೊಟ್ಟದ್ದು ಹೊಸ ಪರಿಮಳಗಳನ್ನು. 2000ದಲ್ಲಿ ಬಿಡುಗಡೆಯಾದ ನೆಲ್ಸನ್ ಸೌವಿನ್ ತಳಿಗೆ ಬಿಳಿ ದ್ರಾಕ್ಷಿಯ ವಾಸನೆ, ಮೊಟುಯೆಕಕ್ಕೆ ನಿಂಬೆಯದು, ರಿವಾಕ ಎಂಬ ತಳಿಗೆ ಚಕ್ಕೋತ ಜಾತಿಯ ಹಣ್ಣಿನದು.

ಇದಕ್ಕೂ ಬಹಳ ಮೊದಲು, 1773ರಲ್ಲಿ, ನ್ಯೂಜಿಲೆಂಡಿನ ಡಸ್ಕಿ ಸೌಂಡ್‌ನಲ್ಲಿ ಲಂಗರು ಹಾಕಿದ ಬ್ರಿಟಿಷ್ ನಾವಿಕರು ಹಾಪ್ಸ್ ಬದಲು ರಿಮು ಮರದ ಚಿಗುರು, ಮನುಕಾ ಎಲೆ ಕುದಿಸಿ ಬಿಯರ್ ಮಾಡಿದ್ದರು. ಸ್ಕರ್ವಿ ರೋಗ ತಡೆಯುವುದು ಅದರ ಉದ್ದೇಶ. ಆ ದೇಶದ ದಾಖಲಾದ ಮೊದಲ ಬಿಯರಿಗೂ ಬಳಕೆಯಾದದ್ದು ಕೈಗೆ ಸಿಕ್ಕ ಪದಾರ್ಥ ಮತ್ತು ಒಂದು ಹಂಡೆ.

ಇಪ್ಪತ್ತು ಲೀಟರಿನ ಲೆಕ್ಕ

ವಿಧಾನ ಸರಳ, ಆದರೆ ಶಿಸ್ತು ಬೇಡುತ್ತದೆ. 20 ಲೀಟರಿಗೆ ಸುಮಾರು ಐದು ಕಿಲೋ ತರಿ ಮಾಡಿದ ಮಾಲ್ಟ್ ಬೇಕು. ಮುಕ್ಕಾಲಿಗೂ ಹೆಚ್ಚು ಬಿಳಿಯದು, ಉಳಿದದ್ದು ಕ್ಯಾರಮೆಲ್ ರುಚಿಯ ಕ್ರಿಸ್ಟಲ್ ಮಾಲ್ಟ್, ಮೇಲೆ ಬಣ್ಣಕ್ಕೆ ಇನ್ನೂರು ಗ್ರಾಂನಷ್ಟು ಗಾಢವಾಗಿ ಹುರಿದ ಚಾಕೊಲೇಟ್ ಮಾಲ್ಟ್. ಕೊನೆಯದು ಒಂದು ಹಿಡಿ ಹೆಚ್ಚಾದರೆ ಸುಟ್ಟ ಕಾಫಿಯ ಒಗರು ಹಾಪ್ಸಿನ ಪರಿಮಳವನ್ನು ಮುಚ್ಚಿಬಿಡುತ್ತದೆ. ಇದನ್ನು 66–67 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಒಂದು ಗಂಟೆ ನೆನೆಸಿದರೆ ಪಿಷ್ಟ ಸಕ್ಕರೆಯಾಗುತ್ತದೆ. ಮೊಳಕೆ ಕಟ್ಟಿದ ರಾಗಿಯ ಗಂಜಿ ಸಿಹಿಯಾಗಿ ತೆಳ್ಳಗಾಗುವುದನ್ನು ಕಂಡವರಿಗೆ ಈ ರಸಾಯನ ಹೊಸದಲ್ಲ. ಸೋಸಿದ ಸಿಹಿ ಕಷಾಯಕ್ಕೆ ವರ್ಟ್ ಎಂದು ಹೆಸರು. ಅದು ಒಂದು ಗಂಟೆ ಕುದಿಯಬೇಕು. ಕುದಿಯ ಆರಂಭದಲ್ಲಿ ಹಾಕಿದ ಹಾಪ್ಸ್ ಕಹಿ ಕೊಡುತ್ತದೆ, ಕೊನೆಯ ಹತ್ತು ನಿಮಿಷದಲ್ಲಿ ಹಾಕಿದ್ದು ಪರಿಮಳ ಉಳಿಸುತ್ತದೆ. ಕಷಾಯವನ್ನು ಬೇಗ ತಣಿಸಿ, 18–20 ಡಿಗ್ರಿಯಲ್ಲಿ ಯೀಸ್ಟ್ ಬೆರೆಸಬೇಕು. ಹುದುಗುವಿಕೆ ಇಳಿದ ಮೇಲೆ ಮತ್ತೊಂದಿಷ್ಟು ಒಣ ಹಾಪ್ಸ್ ಹಾಕಿದರೆ ಮುಚ್ಚಳ ತೆಗೆದಾಗ ಹಣ್ಣಿನ ವಾಸನೆ ಬರುತ್ತದೆ.

ಇಲ್ಲಿ ಮತ್ತೆ ಬರುತ್ತದೆ ಹೈಡ್ರೋಮೀಟರ್. ಶುರುವಿನಲ್ಲಿ 1.052 ತೋರಿಸಿದ ಗಾಜಿನ ಕಡ್ಡಿ, ಕೊನೆಯಲ್ಲಿ 1.013ಕ್ಕೆ ಇಳಿದು ನಿಂತರೆ, ಬಿಯರಿನಲ್ಲಿ ಆಲ್ಕೋಹಾಲ್ ಪ್ರಮಾಣ ಶೇ 5.1ರಷ್ಟು. ಅಳತೆ ಇನ್ನೂ ಇಳಿಯುತ್ತಿರುವಾಗಲೇ ಅವಸರಪಟ್ಟು ಬಾಟಲಿಗೆ ತುಂಬಿದರೆ ಒಳಗಿನ ಒತ್ತಡ ಏರಿ ಗಾಜು ಸಿಡಿಯಬಹುದು. ಮನೆಯ ಬಿಯರಿನ ನಿಜವಾದ ಅಪಾಯಗಳಲ್ಲಿ ಇದೂ ಒಂದು.

ಎಲ್ಲಿ ಎಳೆಯಬೇಕು ಗೆರೆ?

ನ್ಯೂಜಿಲೆಂಡಿನ ಕಾನೂನು ಗೆರೆಯನ್ನು ಮಾರಾಟದ ಬಳಿ ಎಳೆದಿದೆ. ಸ್ವಂತ ಬಳಕೆಗೆ ಮನೆಯಲ್ಲಿ ಬಿಯರ್ ಮಾಡಲು ಪರವಾನಗಿ ಬೇಡ, ಸುಂಕವೂ ಇಲ್ಲ. 1996ರಿಂದ ಭಟ್ಟಿ ಇಳಿಸುವುದಕ್ಕೂ ಈ ವಿನಾಯಿತಿ ಇದೆ. ಒಂದೇ ಒಂದು ಬಾಟಲಿ ಮಾರಿದರೂ ವಿನಾಯಿತಿ ಮುಗಿಯಿತು. ಮಾರುಕಟ್ಟೆಯ ಬಿಯರು ಮಾತ್ರ ಪೂರ್ತಿ ಹಿಡಿತದಲ್ಲಿದೆ. ಶೇ 2.5ಕ್ಕಿಂತ ಗಡುಸಾದದ್ದಕ್ಕೆ ಅದರಲ್ಲಿರುವ ಆಲ್ಕೋಹಾಲಿನ ಪ್ರಮಾಣದ ಮೇಲೆ ಸುಂಕ ಬೀಳುತ್ತದೆ.

ಕರ್ನಾಟಕದ 1965ರ ಅಬಕಾರಿ ಕಾಯ್ದೆ ಗೆರೆಯನ್ನು ಒಲೆಯ ಬಳಿಯೇ ಎಳೆಯುತ್ತದೆ. ಪರವಾನಗಿಯಿಲ್ಲದೆ ಮದ್ಯ ತಯಾರಿಸುವಂತಿಲ್ಲ. ಇದಕ್ಕೆ ಖಜಾನೆಯ ಹಿತ ಒಂದು ಕಾರಣ. ಅಬಕಾರಿ ರಾಜ್ಯದ ಸ್ವಂತ ವರಮಾನದ ದೊಡ್ಡ ಮೂಲಗಳಲ್ಲೊಂದು. ಇನ್ನೊಂದು ಕಾರಣ ನೋವಿನದು. 1981ರಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ ಮುನ್ನೂರಕ್ಕೂ ಹೆಚ್ಚು ಜನರನ್ನು ಬಲಿ ಪಡೆಯಿತು. 2007ರ ಜುಲೈ 1ರಂದು ಸಾರಾಯಿ ನಿಷೇಧವಾಯಿತು. ವರ್ಷ ತುಂಬುವ ಮೊದಲೇ ಕರ್ನಾಟಕ–ತಮಿಳುನಾಡು ಗಡಿ ಭಾಗದಲ್ಲಿ ಮತ್ತೆ ನೂರಕ್ಕೂ ಹೆಚ್ಚು ಸಾವು ಕಂಡೆವು. ‘ಕಳ್ಳಭಟ್ಟಿ’ ಎಂಬ ಪದಕ್ಕೆ ನಮ್ಮಲ್ಲಿರುವ ಭಯ ಸುಮ್ಮನೆ ಬಂದದ್ದಲ್ಲ.

ಆದರೆ ಆ ಸಾವುಗಳಿಗೆ ಕಾರಣ ಮದ್ಯಕ್ಕೆ ಬೆರೆಸಿದ ಮೆಥನಾಲ್, ಧಾನ್ಯದ ಹುದುಗುವಿಕೆಯಲ್ಲ. ಬೆರೆಸಿದ್ದು ಮಾರಿ ಲಾಭ ಮಾಡಿಕೊಳ್ಳಲು. ಎಂದರೆ ಅಲ್ಲಿಯೂ ಕೇಡು ಇದ್ದದ್ದು ಮಾರಾಟದಲ್ಲಿ. ಹಾಗೆಂದು ನ್ಯೂಜಿಲೆಂಡಿನ ಗೆರೆಯನ್ನು ಇಲ್ಲಿಗೆ ಹಾಗೆಯೇ ತರುವುದೂ ಸುಲಭವಲ್ಲ. ಮಾರಾಟದ ಮೇಲೆ ಬಿಗಿಯಾದ ಕಣ್ಗಾವಲು ಇರುವಲ್ಲಿ ಮಾತ್ರ ಒಲೆಗೆ ಸ್ವಾತಂತ್ರ್ಯ ಕೊಡಬಹುದು. ಕಣ್ಗಾವಲು ಸಡಿಲವಿದ್ದರೆ ಸ್ವಂತ ಬಳಕೆಯ ಹೆಸರು ಕಳ್ಳ ವ್ಯಾಪಾರಕ್ಕೆ ಮುಸುಕಾಗುತ್ತದೆ.

ತೂಗಿ ನೋಡಿದರೆ

ಮನೆಯ ಬಿಯರಿನ ಪರವಾಗಿ ಹೇಳುವವರು ಕೈಕೆಲಸದ ಖುಷಿ, ಪದಾರ್ಥದ ಶುದ್ಧತೆ, ಕಡಿಮೆ ಖರ್ಚು ಎನ್ನುತ್ತಾರೆ. ಮೂರೂ ನಿಜ. ಆದರೆ ಖರ್ಚು ಕಡಿಮೆಯಾಗಲು ಸುಂಕ ಇಲ್ಲದಿರುವುದೂ ಒಂದು ಕಾರಣ. ಕುಡಿತಕ್ಕೆ ಕಡಿವಾಣ ಹಾಕಲು ಬೆಲೆ ಒಂದು ಮುಖ್ಯ ಸಾಧನವೆಂದು ಆರೋಗ್ಯ ತಜ್ಞರು ನಂಬುತ್ತಾರೆ. ಮನೆಯ ಡ್ರಮ್ಮಿಗೆ ಆ ಕಡಿವಾಣ ತಾಕುವುದೇ ಇಲ್ಲ. ಆಲ್ಕೋಹಾಲ್ 1988ರಿಂದಲೂ ಕ್ಯಾನ್ಸರ್‌ಕಾರಕಗಳ ಮೊದಲ ವರ್ಗದಲ್ಲಿದೆ. ಮನೆಯಲ್ಲಿ ಮಾಡಿದ್ದು ಎಂಬ ಕಾರಣಕ್ಕೆ ಅದು ಸೌಮ್ಯವಾಗುವುದಿಲ್ಲ.

ಲೆಕ್ಕ ಹಾಕಿ ನೋಡೋಣ. ನ್ಯೂಜಿಲೆಂಡಿನಲ್ಲಿ ಒಂದು ‘ಸ್ಟ್ಯಾಂಡರ್ಡ್ ಡ್ರಿಂಕ್’ ಎಂದರೆ 10 ಗ್ರಾಂ ಶುದ್ಧ ಆಲ್ಕೋಹಾಲ್. ಶೇ 5.1ರ 20 ಲೀಟರಿನಲ್ಲಿ ಅಂಥ ಎಂಬತ್ತು ಅಳತೆಗಳಿವೆ. ಹವ್ಯಾಸಿಗಳು ಮತ್ತೆ ಮತ್ತೆ ತೊಳೆದು ತುಂಬುವ 745 ಮಿಲಿಲೀಟರಿನ ಹಳೆಯ ಕಂದು ಬಾಟಲಿ ಒಂದರಲ್ಲೇ ಮೂರು. ಅಂಗಡಿಯ ಬಾಟಲಿಯ ಮೇಲೆ ಈ ಸಂಖ್ಯೆ ಅಚ್ಚಾಗಿರುತ್ತದೆ. ಮನೆಯ ಬಾಟಲಿಯ ಮೇಲೆ ಏನೂ ಇರುವುದಿಲ್ಲ. ಕುಡಿದ ಅತಿಥಿ ಕಾರಿನ ಕೀಲಿ ಕೈಗೆತ್ತಿಕೊಳ್ಳುವಾಗ ಆ ಖಾಲಿ ಜಾಗವೇ ಅಪಾಯ. 2014ರ ಡಿಸೆಂಬರಿನಿಂದ ಅಲ್ಲಿ 20 ವರ್ಷ ತುಂಬಿದ ವಾಹನ ಚಾಲಕರ ರಕ್ತದಲ್ಲಿ ಇರಬಹುದಾದ ಮಿತಿ 100 ಮಿಲಿಲೀಟರಿಗೆ 50 ಮಿಲಿಗ್ರಾಂ ಮಾತ್ರ.

ಹಾಗಾಗಿ ಮನೆಯ ಬಿಯರ್ ಸಮಾಜದ ದೊಡ್ಡ ಕೇಡೂ ಅಲ್ಲ, ಕಲಬೆರಕೆಗೆ ಮದ್ದೂ ಅಲ್ಲ. ಪರವಾನಗಿ, ಸುಂಕ, ಲೇಬಲ್ಲು ಎಂದು ಸರ್ಕಾರ ಹೊತ್ತಿದ್ದ ಅಳತೆಯ ಹೊಣೆಯನ್ನು ಅದು ಮನೆಯ ಹೆಗಲಿಗೆ ದಾಟಿಸುತ್ತದೆ. ಆ ಹೊಣೆಯನ್ನು ಹೊರುವ ಮನೆಗೆ ಸ್ವಾತಂತ್ರ್ಯ ಸಲ್ಲುತ್ತದೆ. ಕಪಾಟಿನಿಂದ ಹೊರಬಂದ ಬಾಟಲಿಗೆ ಒಂದು ಚೀಟಿ ಅಂಟಿಸಿ ತುಂಬಿದ ತಾರೀಖು, ಶೇಕಡಾ ಎಷ್ಟು, ಅಳತೆ ಎಷ್ಟು ಎಂದು ಮೂರು ಸಾಲು ಬರೆಯಲು ಪೆನ್ಸಿಲ್ಲಿನ ತುಂಡು ಸಾಕು. ಅದನ್ನು ಬರೆಸುವ ಅಧಿಕಾರಿ ಮಾತ್ರ ಆ ಮನೆಗೆ ಎಂದೂ ಬರುವುದಿಲ್ಲ.